ಚೆಕ್ ದೇಶದಲ್ಲಿ ನಮ್ಮ ಏಳನೇ ನಿಯಮ

ಗೋಣಿಬೀಡು, ಹೊರಡುವ ಮುಂಚೆ

ನಮ್ಮ ಗೋಣಿಬೀಡಿನ ಹುಡುಗಿಯರು ಆಡುವ ಒಳಾಂಗಣ ಸಾಫ್ಟ್‌ಬಾಲಿಗೆ ಹದಿನಾರು ನಿಯಮಗಳಿವೆ. ಅವುಗಳಲ್ಲಿ ಒಂದೂ ನಾನು ಮೇಜಿನ ಮುಂದೆ ಕೂತು ಯೋಚಿಸಿ ಬರೆದದ್ದಲ್ಲ. ಒಂದೊಂದೂ ಒಂದೊಂದು ಜಗಳದಿಂದ ಹುಟ್ಟಿದ್ದು. ಶಾಲೆಯಲ್ಲಿ ಆಟದ ಟೀಚರಾಗಿ ಸೀಟಿ ಊದುತ್ತ ಅರ್ಧ ಆಯುಷ್ಯ ಕಳೆದ ನನಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಹೊಗಳಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ಈ ಬರಹದ ತುಂಬ ಅದನ್ನೇ ಮಾಡುವವಳಿದ್ದೇನೆ.

ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಎಂದುಕೊಂಡವರಿಗಾಗಿ ಎರಡು ಮಾತು. ಸಾಫ್ಟ್‌ಬಾಲಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಬೇಸು. ಚೆಂಡನ್ನು ಕೈ ಕೆಳಗಿನಿಂದ ಎಸೆಯುತ್ತಾರೆ. ಹೊಡೆದವಳು ಒಂದೊಂದೇ ಬೇಸು ಮುಟ್ಟಿ, ಸುತ್ತು ಮುಗಿಸಿ ಹೊರಟಲ್ಲಿಗೇ ಬಂದರೆ ಒಂದು ರನ್. ಹೊಡೆದ ಚೆಂಡು ಎಲ್ಲಿಯೂ ತಾಗುವ ಮೊದಲೇ ಯಾರಾದರೂ ಹಿಡಿದರೆ ಅವಳು ಔಟ್. ಮೂವರು ಔಟಾದರೆ ಸರದಿ ಬದಲು. ಇಷ್ಟು ಗೊತ್ತಿದ್ದರೆ ಸಾಕು.

ಜೂನ್ ಬಂತೆಂದರೆ ನಮ್ಮ ಶಾಲೆಯ ಮೈದಾನದಲ್ಲಿ ಎಮ್ಮೆಗಳು ಮಾತ್ರ ಓಡಾಡಬಹುದು. ಕಾಫಿ ವ್ಯಾಪಾರಿ ಮಲ್ಲೇಶಣ್ಣನವರ ಗೋದಾಮು ಆ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಖಾಲಿ. ಆರು ವರ್ಷದ ಹಿಂದೆ ಅವರನ್ನು ಕೇಳಿ ಅಲ್ಲಿ ಆಟ ಶುರು ಮಾಡಿದೆವು. ಬರಿಗಾಲಿನ ಆಟ. ಮೂರನೇ ನಿಯಮ: ಚೆಂಡು ಮೇಲಿನ ತಗಡಿನ ಮಾಡಿಗೆ ತಾಗಿದರೆ ಆಟ ಅಲ್ಲಿಗೇ ನಿಂತಿತು, ಹೊಡೆದವಳು ಔಟ್. ಇದು ಮಲ್ಲೇಶಣ್ಣನವರ ಒತ್ತಾಯ. ತಗಡು ಸಡಿಲವಾದರೆ ಸೋರುವುದು ಅವರ ಕಾಫಿಯ ಮೇಲೆ. ಒಂಬತ್ತನೇ ನಿಯಮ: ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿದವಳು ಬೇಸು ಬಿಟ್ಟು ಹೋಗಿ ಉಪ್ಪು ಹಾಕಿಕೊಂಡು ಬರಬಹುದು, ಆ ಹೊತ್ತಿನಲ್ಲಿ ಅವಳನ್ನು ಔಟ್ ಮಾಡುವಂತಿಲ್ಲ. ಇಲ್ಲದ ಉಂಬಳವನ್ನು ಇದೆ ಎಂದವಳಿಗೆ ಒಂದು ರನ್ ಕಡಿತ.

ಏಳನೇ ನಿಯಮದ ಕಥೆ ಬೇರೆ. ಗೋದಾಮಿನ ಹಿಂಬದಿಯಲ್ಲಿ ಮಾರಾಟವಾಗದೆ ಉಳಿದ ಮೂಟೆಗಳನ್ನು ಒಟ್ಟಿರುತ್ತಾರೆ. ಚೆಂಡು ಅದರ ಹಿಂದೆ ಹೋದರೆ ನನಗೆ ಕಾಣುವುದಿಲ್ಲ. ನೇರವಾಗಿ ಹಿಡಿದಳೋ, ಮೂಟೆಗೆ ತಾಗಿ ಬಂದದ್ದನ್ನು ಹಿಡಿದಳೋ ಎಂದು ಪ್ರತಿ ಸಲ ರಂಪ. ಒಂದು ದಿನ ರೇಗಿ ಹೋಗಿ, ಹಿಡಿದವಳೇ ತೀರ್ಪು ಕೊಡಲಿ ಎಂದುಬಿಟ್ಟೆ. ನೇರವಾಗಿ ಹಿಡಿದಿದ್ದರೆ ಚೆಂಡು ತೋರಿಸಬೇಕು. ಯಾವುದಕ್ಕಾದರೂ ತಾಗಿ ಬಂದಿದ್ದರೆ ಬಲಗೈ ಎತ್ತಬೇಕು. ಮೊದಲ ವಾರ ಎಲ್ಲರೂ ಎಲ್ಲವನ್ನೂ ನೇರವಾಗಿಯೇ ಹಿಡಿದರು. ಎರಡನೇ ವಾರ, ಹೀಗಾದರೆ ಆಟಕ್ಕೆ ರುಚಿಯೇ ಇಲ್ಲವೆಂದು ಅವರಿಗೇ ಬೇಜಾರಾಯಿತು. ಮೂರನೇ ವಾರದಿಂದ ಕೈಗಳು ಏಳತೊಡಗಿದವು.

ಕೈ ಎತ್ತುವುದೇ ಯಾಕೆ, ಬಾಯಲ್ಲಿ ಹೇಳಬಾರದೇ ಎಂದು ಕೇಳುವವರು ಜುಲೈನಲ್ಲಿ ಒಮ್ಮೆ ತಗಡಿನ ಮಾಡಿನ ಕೆಳಗೆ ನಿಂತು ನೋಡಬೇಕು. ಪಕ್ಕದಲ್ಲಿದ್ದವರು ಕೂಗಿದರೂ ಕೇಳುವುದಿಲ್ಲ. ನಮ್ಮ ಹುಡುಗಿಯರ ಅಮ್ಮಂದಿರಲ್ಲಿ ಅನೇಕರು ಎಸ್ಟೇಟಿನ ಪಲ್ಪಿಂಗ್ ಯಂತ್ರದ ಬಳಿ ಕೆಲಸ ಮಾಡುವವರು. ಹಣ್ಣು ಬಿಡಿಸುವ ಆ ಯಂತ್ರದ ಸದ್ದಿನಲ್ಲಿ ಅವರು ದಿನವಿಡೀ ಕೈಸನ್ನೆಯಲ್ಲೇ ಮಾತಾಡುತ್ತಾರೆ, ಬೈಯುತ್ತಾರೆ, ಮದುವೆ ಮಾತುಕತೆ ಕೂಡ ಮುಗಿಸುತ್ತಾರೆ. ಮಕ್ಕಳು ಆ ಭಾಷೆಯನ್ನು ಆಟಕ್ಕೆ ತಂದರು. ಮುಷ್ಟಿ ಕಟ್ಟಿದರೆ ಓಡು, ಕಿರುಬೆರಳು ತೋರಿಸಿದರೆ ಹಿಂದೆ ಸರಿ, ಅಂಗೈ ಕೆಳಮುಖ ಮಾಡಿ ಒತ್ತಿದರೆ ಬಿಟ್ಟುಬಿಡು. ಅವರಿಂದ ನಾನೂ ಕಲಿತೆ.

ಹಿಂದಿನ ಮಳೆಗಾಲದಲ್ಲಿ ಗಿರಿಯ ಮೇಲಿನ ಅತ್ತಿಗುಂಡಿಯಲ್ಲಿ ಉಳಿದುಕೊಂಡಿದ್ದ ಒಬ್ಬ ಚೆಕ್ ಹೆಂಗಸು, ಬೆಟ್ಟ ಕಾಣದೆ ಬರಿ ಮಂಜು ನೋಡಿ ಸಾಕಾಗಿ, ಇಳಿದು ಬರುವಾಗ ನಮ್ಮಲ್ಲಿ ಚಹಾಕ್ಕೆ ನಿಂತಳು. ಹೆಸರು ಯಾನಾ. ತನ್ನ ಊರಿನಲ್ಲಿ ಅವಳೂ ಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸುವವಳು. ಹಿಮ ಬಿದ್ದಾಗ ಅವರೂ ಒಳಗೇ ಆಡುತ್ತಾರಂತೆ. ಗೋದಾಮಿನ ಬಾಗಿಲಲ್ಲಿ ಎರಡು ಗಂಟೆ ನಿಂತು ನೋಡಿ, ನಮ್ಮ ಹದಿನಾರು ನಿಯಮಗಳನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋದಳು. ನವೆಂಬರಿನಲ್ಲಿ ಕಾಗದ ಬಂತು. ಅವರ ಊರಿನ ಹದಿಮೂರು ವರ್ಷದೊಳಗಿನವರ ಚಳಿಗಾಲದ ಪಂದ್ಯಾವಳಿಗೆ ನಮಗೆ ಕರೆ. ಒಟ್ಟು ಎಂಟು ತಂಡ. ಜೊತೆಗೆ ಒಂದು ಷರತ್ತು: ಎಂಟನೆಯದಾಗಿ ಬಂದ ತಂಡ ಮುಂದಿನ ವರ್ಷ ಹೊಸ ತಂಡಕ್ಕೆ ಜಾಗ ಬಿಟ್ಟುಕೊಡಬೇಕು.

ಈ ಷರತ್ತು ನನ್ನ ಎದೆಯ ಮೇಲೆ ಕೂತಿತು. ಈ ಸಲ ಹೋಗುವ ಹತ್ತು ಹುಡುಗಿಯರಿಗೆ ಮುಂದಿನ ವರ್ಷ ವಯಸ್ಸು ಮೀರುತ್ತದೆ. ಆಗ ಹೋಗಬೇಕಾದವರು ಕಿರಿಯರ ತಂಡದ ಹನ್ನೆರಡು ಮಕ್ಕಳು. ಅವರಲ್ಲಿ ಅಫ್ರೀನ್ ಎಂಬವಳು, ನಮ್ಮ ತಂಡದ ಶಾಹೀನಾಳ ತಂಗಿ, ಹೊರಡುವ ದಿನ ನನ್ನ ಚೀಲ ಹಿಡಿದು ನಿಲ್ಲಿಸಿದಳು.

"ಮಿಸ್, ಗೆಲ್ಲೋದು ಬಿಡಿ. ಕೊನೇದು ಮಾತ್ರ ಆಗ್ಬೇಡಿ. ನಾವು ಬರ್ಬೇಕಲ್ಲ."

"ಆಗಲ್ಲ ಕಣೇ," ಎಂದು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಧಾರಾಳಿ.

ಪ್ರಾಗ್, ಟ್ರಾಮಿನಲ್ಲಿ

ತಂಡದ ಮ್ಯಾನೇಜರ್ ಆಗಿ ನಮ್ಮ ಜೊತೆ ಬಂದವರು ಮಲ್ಲೇಶಣ್ಣ. ಅರವತ್ತೆರಡರ ವಯಸ್ಸು, ಗಿರಿಜಾ ಮೀಸೆ, ಹಣೆಯಲ್ಲಿ ವಿಭೂತಿ. ನಡೆಯುವುದರಲ್ಲಿ ನಮ್ಮೆಲ್ಲರಿಗಿಂತ ಮುಂದೆ. ವಿಮಾನ ಇಳಿದು ಹೊರಗೆ ಬಂದಾಗ ನೆಲವೆಲ್ಲ ಬೆಳ್ಳಗಿತ್ತು. ನಾನು ಹುಡುಗಿಯರ ಬಾಯಿಂದ ಏನಾದರೂ ಚೆಂದದ ಮಾತು ಬರುತ್ತದೆಂದು ಕಾದೆ. ತಂಡದ ನಾಯಕಿ ಕಾವ್ಯಾ, "ಮಿಸ್, ಫ್ರಿಡ್ಜ್ ಒಳಗೆ ಬಂದ ಹಾಗಿದೆ. ಬಾಗ್ಲು ಯಾರಾದ್ರೂ ಹಾಕಿ," ಎಂದಳು.

ಆ ಊರಿನ ಟ್ರಾಮಿನಲ್ಲಿ ಮಾತಾಡುವವರೇ ಇಲ್ಲ. ನಮ್ಮ ಮೂಡಿಗೆರೆ ಬಸ್ಸಿನಲ್ಲಿ ಸೀಟು ಸಿಗುವಷ್ಟರಲ್ಲಿ ಪಕ್ಕದವರ ಅಳಿಯನ ಸಂಬಳ ತಿಳಿದಿರುತ್ತದೆ. ಅಲ್ಲಿ ಐವತ್ತು ಜನ ಒಟ್ಟಿಗೆ ಕೂತು ಒಬ್ಬರ ಉಸಿರು ಒಬ್ಬರಿಗೆ ಕೇಳದಂತೆ ಹೋಗುತ್ತಾರೆ. ಆದರೆ ಒಂದು ಅಭ್ಯಾಸ ಮೆಚ್ಚಬೇಕು. ವಯಸ್ಸಾದವರು ಹತ್ತಿದರೆ ಎಳೆಯರು ತಟ್ಟನೆ ಎದ್ದು ಜಾಗ ಬಿಡುತ್ತಾರೆ. ಮಲ್ಲೇಶಣ್ಣ ಹತ್ತಿದ್ದೇ ತಡ, ಕೆಂಪು ಟೋಪಿಯ ಒಬ್ಬ ಹುಡುಗಿ ಎದ್ದು ನಿಂತಳು.

"ನಂಗೆಂಥಕ್ಕೆ? ನಾನು ದಿನಾ ತೋಟ ಹತ್ತಿ ಇಳಿಯೋನು. ನೀನೇ ಕೂತ್ಕೊ ಮಾರಾಯ್ತಿ," ಎಂದರು ಇವರು, ಅಪ್ಪಟ ಕನ್ನಡದಲ್ಲಿ.

ಆ ಹುಡುಗಿ ಕೂರಲಿಲ್ಲ. ಇವರೂ ಕೂರಲಿಲ್ಲ. ಮೂರು ನಿಲ್ದಾಣದವರೆಗೆ ಖಾಲಿ ಸೀಟಿನ ಆಚೆ ಒಬ್ಬರು ಈಚೆ ಒಬ್ಬರು ನಿಂತು ಪರಸ್ಪರ ನಗುತ್ತ ಹೋದರು. ಸೀಟು ದಂಡವಾಗುವುದನ್ನು ನೋಡಲಾರದೆ ಕಾವ್ಯಾ ಹೋಗಿ ಕೂತಳು. ಎದುರಿಗಿದ್ದ ಅಜ್ಜಿಯೊಬ್ಬಳು ಅವಳಿಗೆ ಏನೋ ಕಟುವಾಗಿ ಹೇಳಿದಳು. ಅರ್ಥವಾಗದಿದ್ದರೂ ಕಾವ್ಯಾ ಎದ್ದುಬಿಟ್ಟಳು. ಬೈಗುಳಕ್ಕೆ ಭಾಷೆ ಬೇಕಾಗುವುದಿಲ್ಲವೆಂದು ಆಗ ತಿಳಿಯಿತು. ಇಳಿಯುವಾಗ ಅದೇ ಅಜ್ಜಿ ಚೀಲದಿಂದ ಪೆಪ್ಪರಮಿಂಟು ತೆಗೆದು ಹತ್ತು ಹುಡುಗಿಯರಿಗೂ ಹಂಚಿದಳು. ಮಲ್ಲೇಶಣ್ಣನವರಿಗೆ ಕೊಡಲಿಲ್ಲ.

ಯಾನಾಳ ಊರು, ಶುಕ್ರವಾರ

ಯಾನಾಳ ಊರು ಗುಡ್ಡಗಳ ನಡುವಿನ ಒಂದು ಸಣ್ಣ ಪೇಟೆ. ಅವಳ ಮನೆಯ ಬಾಗಿಲಲ್ಲಿ ಒಂದು ಬುಟ್ಟಿ, ಅದರ ತುಂಬ ಬಟ್ಟೆಯ ಚಪ್ಪಲಿ. ಬಂದವರು ಹೊರಗಿನ ಶೂ ಬಿಚ್ಚಿ, ಬುಟ್ಟಿಯಿಂದ ತಮ್ಮ ಅಳತೆಯದನ್ನು ಆರಿಸಿ ಹಾಕಿಕೊಂಡು ಒಳಗೆ ಹೋಗಬೇಕು. ಯೂರೋಪಿನವರು ಹಾಸಿಗೆಯವರೆಗೂ ಬೂಟು ಹಾಕಿಕೊಂಡೇ ಹೋಗುತ್ತಾರೆಂದು ನಂಬಿದ್ದ ನನಗೆ ಹಾಯೆನಿಸಿತು. ಅಡುಗೆಮನೆಯಲ್ಲಿ ಒಣಗಿದ ಅಣಬೆಯ ಸರಗಳು ನೇತಾಡುತ್ತಿದ್ದವು. ಮೊದಲ ಮಳೆಗೆ ನಾವು ಅಣಬೆ ಹುಡುಕಿಕೊಂಡು ಕಾಡು ನುಗ್ಗುವ ಹಾಗೆ ಅವರೂ ನುಗ್ಗುತ್ತಾರಂತೆ. ಸಿಕ್ಕಿದ ಜಾಗವನ್ನು ಅಣ್ಣತಮ್ಮಂದಿರಿಗೂ ಹೇಳುವುದಿಲ್ಲವಂತೆ. ಅದು ಮಾತ್ರ ನಮ್ಮವರ ಬುದ್ಧಿಯೇ.

ಕಷ್ಟ ಬಂದದ್ದು ಕಾಫಿಯಲ್ಲಿ. ಯಾನಾಳ ಅಪ್ಪ ಲೋಟಕ್ಕೆ ಎರಡು ಚಮಚ ಕಾಫಿಪುಡಿ ಹಾಕಿ, ಮೇಲೆ ಕುದಿಯುವ ನೀರು ಸುರಿದು, ಕಲಕಿ, ಹಾಗೆಯೇ ಮುಂದಿಟ್ಟರು. ಸೋಸುವುದಿಲ್ಲ, ಹಾಲಿಲ್ಲ. ಚರಟ ತಳಕ್ಕೆ ಇಳಿಯುವವರೆಗೆ ಕಾದು ಕುಡಿಯಬೇಕು. ಮಲ್ಲೇಶಣ್ಣ ಕಾಯಲಿಲ್ಲ. ಮೀಸೆಯ ತುಂಬ ಚರಟ ಮೆತ್ತಿಕೊಂಡು ನನ್ನ ಕಡೆ ತಿರುಗಿದರು.

"ಟೀಚರೇ, ನಲವತ್ತು ವರ್ಷ ಕಾಫಿ ವ್ಯಾಪಾರ ಮಾಡಿದೀನಿ. ಕಾಫಿನ ಅಗಿದದ್ದು ಇದೇ ಮೊದಲು."

ಊಟಕ್ಕೆ ಅವರು ತಂದದ್ದು ಉಂಡೆಯಂತೆ ಬೇಯಿಸಿದ ಹಿಟ್ಟು, ಒಳಗೆ ಇಡೀ ಹಣ್ಣು, ಮೇಲೆ ಬೆಣ್ಣೆ ಮತ್ತು ಸಕ್ಕರೆ. ಊಟದ ಕೊನೆಗಲ್ಲ, ಅದೇ ಊಟ. ಮಲ್ಲೇಶಣ್ಣನವರಿಗೆ ಮಾಂಸ ಆಗದು, ಶಾಹೀನಾಳಿಗೆ ಅಲ್ಲಿನ ಮಾಂಸ ಆಗದು. ಇಬ್ಬರೂ ಇದನ್ನು ಕಡುಬು ಎಂದು ಕರೆದು ಆರಾರು ತಿಂದರು. ಕಡುಬಿನ ಜೊತೆಗೆ ಕೋಳಿಸಾರು ಇಲ್ಲದೆ ನನಗೆ ಸಮಾಧಾನವಾಗಲಿಲ್ಲ.

ಸಂಜೆ ಕ್ರೀಡಾ ಹಾಲ್ ನೋಡಲು ಹೋದಾಗ ನಿಜವಾದ ಪೇಚು. ಮರದ ನೆಲ, ಕನ್ನಡಿಯಂತೆ ಹೊಳೆಯುತ್ತಿತ್ತು. ನಮ್ಮ ಹುಡುಗಿಯರು ಚಿಕ್ಕಮಗಳೂರಿನಲ್ಲಿ ಕೊಂಡ ಹೊಸ ಶೂ ಹಾಕಿಕೊಂಡು ಎರಡು ಸುತ್ತು ಓಡಿದರು. ಓಡಿದಲ್ಲೆಲ್ಲ ಕಪ್ಪು ಗೀರು. ಹಾಲ್ ನೋಡಿಕೊಳ್ಳುವ ಮುದುಕ ಓಡಿ ಬಂದು, ಮಂಡಿಯೂರಿ, ಒಂದು ಹಳೆಯ ಚೆಂಡಿನಿಂದ ಗೀರುಗಳನ್ನು ಉಜ್ಜಿದ. ಆಮೇಲೆ ಹತ್ತು ಜೊತೆ ಶೂಗಳನ್ನೂ ಮಗುಚಿ ಹಾಕಿ, ಕಪ್ಪು ಅಡಿಗಳನ್ನು ನನಗೆ ತೋರಿಸಿದ. ನಿಯಮಗಳ ಹಾಳೆಯಲ್ಲಿ ಅದು ಇತ್ತು: ನೆಲಕ್ಕೆ ಗುರುತು ಬಿಡದ ಶೂ ಕಡ್ಡಾಯ. ನಾನು ಓದಿದ್ದೆ. ಅಡಿ ಮಗುಚಿ ನೋಡಿರಲಿಲ್ಲ. ಬರಿಗಾಲಿನಲ್ಲಿ ಆಡುತ್ತೇವೆ, ಅಭ್ಯಾಸ ಅದೇ ಎಂದೆ. ಅದಕ್ಕೂ ಆ ಹಾಳೆ ಒಪ್ಪಲಿಲ್ಲ.

ಯಾನಾ ಫೋನು ತೆಗೆದು ಏನೋ ಬರೆದಳು. ಒಂದು ಗಂಟೆಯೊಳಗೆ ಊರಿನ ತಾಯಂದಿರು ಒಬ್ಬೊಬ್ಬರಾಗಿ ಚೀಲ ಹಿಡಿದು ಬಂದರು. ತಮ್ಮ ಮಕ್ಕಳ ಶೂಗಳು. ಪ್ರತಿ ಶೂವಿನ ನಾಲಗೆಯ ಮೇಲೆ ಶಾಯಿಯಲ್ಲಿ ಮಗುವಿನ ಹೆಸರು. ನಮ್ಮವರು ಅಳತೆ ನೋಡಿ ಹಾಕಿಕೊಂಡು, "ನಾನು ಬಾರ್ಬೊರಾ," "ನಾನು ಲೆಂಕಾ," ಎಂದು ಕುಣಿದರು. ಅಪರಿಚಿತ ಮಕ್ಕಳಿಗಾಗಿ ಚಳಿಯಲ್ಲಿ ಶೂ ಹಿಡಿದು ಬಂದ ಆ ಹೆಂಗಸರು ಒಬ್ಬರೂ ಹೆಚ್ಚಿಗೆ ನಗಲಿಲ್ಲ, ಮಾತಾಡಲಿಲ್ಲ. ಕೊಟ್ಟು, ತಲೆಯಾಡಿಸಿ ಹೋದರು.

ಶನಿವಾರ

ಬೆಳಿಗ್ಗೆ ಯಾನಾ ನಿಯಮಗಳನ್ನು ಮತ್ತೆ ಓದಿ ಹೇಳಿದಳು. ಆರು ಜನ ಆಡುವವರು. ಚೆಂಡು ಮೆತ್ತಗಿನದು. ಗೋಡೆಗೆ ತಾಗಿದ ಚೆಂಡನ್ನು ಹಿಡಿದರೆ ಔಟ್ ಅಲ್ಲ. ಚೆಂಡು ಮಾಡಿಗೆ ತಾಗಿದರೂ ಆಟ ನಿಲ್ಲುವುದಿಲ್ಲ. ತೀರ್ಪು ಅಂಪೈರಿನದು, ಅದರ ಬಗ್ಗೆ ನಾಯಕಿ ಒಬ್ಬಳೇ ಮಾತಾಡಬಹುದು. ಹುಡುಗಿಯರು ಎಲ್ಲದಕ್ಕೂ ತಲೆಯಾಡಿಸಿದರು. ತಲೆಗೆ ಹೋದದ್ದು ಕಾಲಿಗೆ ಇಳಿಯಲು ಸಮಯ ಬೇಕು.

ಮೊದಲ ಪಂದ್ಯದಲ್ಲಿ ಎದುರಾಳಿ ಹುಡುಗಿ ಜೋರಾಗಿ ಹೊಡೆದ ಚೆಂಡು ಮಾಡಿನ ಕಂಬಿಗೆ ಠಣ್ ಎಂದು ತಾಗಿತು. ನಮ್ಮ ಮೂರನೇ ನಿಯಮದ ಅಭ್ಯಾಸ. ನಮ್ಮ ಆರೂ ಜನ ಕೈ ಬಿಟ್ಟು ನಿಂತರು. ಕಾವ್ಯಾ ಕೂದಲು ಸರಿಮಾಡಿಕೊಂಡಳು. ಶಾಹೀನಾ ಮಾಡನ್ನು ನೋಡಿ, ಏನಾದರೂ ಸಡಿಲವಾಯಿತೇ ಎಂದು ಪರೀಕ್ಷಿಸಿದಳು. ಅಷ್ಟರಲ್ಲಿ ಆ ತಂಡದವರು ಒಬ್ಬರ ಹಿಂದೊಬ್ಬರು ಓಡಿ ನಾಲ್ಕು ರನ್ ಮಾಡಿಕೊಂಡರು. ಚೆಂಡು ಮೂಲೆಯಲ್ಲಿ ಅನಾಥವಾಗಿ ಬಿದ್ದಿತ್ತು.

"ಎಂಥ ಮಾಡ್ತಿದೀರೇ, ತಗೊಳ್ರೇ," ಎಂದು ನಾನು ಕಿರುಚಿದೆ. ಕಾವ್ಯಾ ನನ್ನತ್ತ ತಿರುಗಿ, "ಮಿಸ್, ಔಟಲ್ವಾ?" ಎಂದಳು. ಹಿಂದಿನ ಬೆಂಚಿನಿಂದ ಮಲ್ಲೇಶಣ್ಣ, "ತಪ್ಪು ನಂದು ಟೀಚರೇ. ನನ್ನ ತಗಡಿಂದು," ಎಂದರು.

ಆ ಪಂದ್ಯ ಹೀನಾಯವಾಗಿ ಸೋತೆವು. ಎರಡನೆಯದನ್ನು ಮೂರು ರನ್ನಿನಿಂದ ಸೋತೆವು. ಮೂರನೆಯದನ್ನು ಒಂದೇ ರನ್ನಿನಿಂದ. ಸೋಲನ್ನು ಎಣಿಸುತ್ತಿದ್ದೇನೆಂದು ಯಾರೂ ಮರುಗಬೇಡಿ. ಮಧ್ಯಾಹ್ನದ ಹೊತ್ತಿಗೆ ಇಡೀ ಹಾಲ್ ನಮ್ಮನ್ನೇ ನೋಡುತ್ತಿತ್ತು. ಅಲ್ಲಿ ಅಪ್ಪ ಅಮ್ಮಂದಿರು ತಮಟೆ, ತುತ್ತೂರಿ, ಹಸುವಿನ ಗಂಟೆ ಎಲ್ಲ ತರುತ್ತಾರೆ. ಟ್ರಾಮಿನಲ್ಲಿ ಉಳಿಸಿದ ಸದ್ದನ್ನೆಲ್ಲ ಇಲ್ಲಿ ಸುರಿಯುತ್ತಾರೆ. ಬೇರೆ ತಂಡಗಳ ಕೋಚುಗಳು ಗಂಟಲು ಹರಿದುಕೊಂಡು ಕೂಗುತ್ತಿದ್ದರು, ಅವರ ಮಕ್ಕಳಿಗೆ ಕೇಳುತ್ತಿರಲಿಲ್ಲ. ನಮಗೆ ಆ ಗದ್ದಲ ಜುಲೈ ತಿಂಗಳಿನ ಮಳೆಯಷ್ಟೇ. ನಾನು ಕಿರುಬೆರಳು ಆಡಿಸಿದರೆ ಅರವತ್ತು ಅಡಿ ದೂರದ ಶಾಹೀನಾ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಒಬ್ಬ ಕೋಚ್ ಬಂದು, ಇದನ್ನು ಯಾವ ಶಿಬಿರದಲ್ಲಿ ಕಲಿಸಿದಿರಿ ಎಂದು ಕೇಳಿದ. ಇವರ ಅಮ್ಮಂದಿರ ಹತ್ತಿರ ಕಲಿತದ್ದು ಎಂದೆ. ಆ ಮಾತು ಹೇಳುವಾಗ ನನ್ನ ಎತ್ತರ ಒಂದು ಗೇಣು ಹೆಚ್ಚಿತ್ತು.

ಭಾನುವಾರ

ಎಂಟು ತಂಡಗಳನ್ನು ಎರಡು ಗುಂಪು ಮಾಡಿದ್ದರು, ಎರಡರ ಕೊನೆಯ ತಂಡಗಳಿಗೂ ಭಾನುವಾರ ಒಂದೇ ಪಂದ್ಯ. ಗೆದ್ದವರು ಏಳನೆಯವರು, ಸೋತವರು ಎಂಟನೆಯವರು. ನಮ್ಮ ಎದುರು ಹಸಿರು ಅಂಗಿಯ ತಂಡ. ಅವರ ಕೋಚ್ ಬೀರುವಿನಂಥ ಆಳು. ಅವನಿಗೂ ಊರಲ್ಲಿ ಕಿರಿಯರ ತಂಡವಿತ್ತೇನೋ, ನನ್ನಷ್ಟೇ ಬೆವರುತ್ತಿದ್ದ.

ಕಾವ್ಯಾ ಅವತ್ತು ಎಸೆದ ಹಾಗೆ ಯಾವತ್ತೂ ಎಸೆದಿರಲಿಲ್ಲ. ಕೊನೆಯ ಸರದಿಗೆ ಬಂದಾಗ ನಾವು ಒಂದು ರನ್ ಮುಂದೆ. ಅವರ ಇಬ್ಬರು ಔಟ್. ಇನ್ನೊಂದು ಔಟಾದರೆ ಮುಗಿಯಿತು. ಆದರೆ ಎರಡನೇ, ಮೂರನೇ ಬೇಸಿನಲ್ಲಿ ಅವರ ಇಬ್ಬರು ಹುಡುಗಿಯರು ಕಾಲು ಕೆರೆಯುತ್ತ ನಿಂತಿದ್ದರು. ಹೊಡೆಯಲು ಬಂದವಳು ಎರಡು ಜಡೆಯ ಉದ್ದನೆ ಹುಡುಗಿ. ನಾನು ಕಿರುಬೆರಳು ತೋರಿಸಿದೆ. ಶಾಹೀನಾ ಹಿಂದೆ ಸರಿದಳು.

ಚೆಂಡು ಎತ್ತರಕ್ಕೆ, ಹಿಂದಿನ ಗೋಡೆಯ ಕಡೆಗೆ ಹೋಯಿತು. ಓಟಗಾರ್ತಿಯರಿಬ್ಬರೂ ಹಿಂದೆ ನೋಡದೆ ಓಡಿದರು. ಶಾಹೀನಾ ತಿರುಗಿ ಓಡಿ, ಗೋಡೆಯ ಬುಡದಲ್ಲಿ ಹಾರಿ, ಎಡಗೈ ಚಾಚಿದಳು. ಕೆಳಗೆ ಬಿದ್ದಾಗ ಚೆಂಡು ಕೈಯಲ್ಲಿತ್ತು. ಅಂಪೈರ್ ಮುಷ್ಟಿ ಎತ್ತಿ ಔಟ್ ಕೊಟ್ಟರು. ನಮ್ಮ ಬೆಂಚು ಕಟ್ಟೆಯೊಡೆದು ಹರಿಯಿತು. ಮಲ್ಲೇಶಣ್ಣ ಪಕ್ಕದಲ್ಲಿದ್ದ ಯಾನಾಳ ಅಪ್ಪನನ್ನು ಅಪ್ಪಿಕೊಂಡರು. ನಾನು ಅಳುತ್ತಿದ್ದೆ. ಅಫ್ರೀನಳಿಗೆ ಕೊಟ್ಟ ಮಾತು ಉಳಿಯಿತು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆಗ ನೋಡಿದೆ. ಶಾಹೀನಾ ಎದ್ದು ನಿಂತಿದ್ದಳು. ಚೆಂಡನ್ನು ತೋರಿಸುತ್ತಿರಲಿಲ್ಲ. ಬಲಗೈ ಮೇಲಿತ್ತು.

ನನಗೆ ತಕ್ಷಣ ಅರ್ಥವಾಯಿತು. ಚೆಂಡು ಗೋಡೆಗೆ ಸವರಿ ಬಂದಿದೆ. ಅಂಪೈರ್ ನೋಡಿಲ್ಲ, ಹಸಿರು ಅಂಗಿಯವರು ನೋಡಿಲ್ಲ, ಇನ್ನೂರು ಜನರಲ್ಲಿ ಒಬ್ಬರೂ ನೋಡಿಲ್ಲ. ಆ ಎತ್ತಿದ ಕೈಯ ಅರ್ಥ ಅಲ್ಲಿ ಗೊತ್ತಿದ್ದದ್ದು ನಮಗೆ ಮತ್ತು ಯಾನಾಳಿಗೆ ಮಾತ್ರ, ಅವಳು ಅತ್ತ ನೋಡುತ್ತಿರಲಿಲ್ಲ. ಬೇರೆಯವರು ಅದನ್ನು ಗೆದ್ದ ಖುಷಿ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಕೈ ಇಳಿಸಿಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಬರೆಯುವುದನ್ನು ಬರೆಯಲು ನನಗೆ ಮೂರು ತಿಂಗಳು ಹಿಡಿಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಬಲಗೈ ಮುಂದೆ ಮಾಡಿ, ಅಂಗೈ ಕೆಳಮುಖ ಮಾಡಿ ಒತ್ತಿದೆ. ಒಂದು ಸಲವಲ್ಲ, ಎರಡು ಸಲ. ಬಿಟ್ಟುಬಿಡು.

ಹದಿಮೂರು ತುಂಬದ ಆ ಹುಡುಗಿ, ಕೊಟ್ಟಿಗೆಹಾರದಲ್ಲಿ ಜೀಪು ರಿಪೇರಿ ಮಾಡುವ ರಫೀಕರ ಮಗಳು, ಯಾರದೋ ಶೂ ಹಾಕಿಕೊಂಡು ಆ ದೇಶದ ಗೋಡೆಗೆ ಬೆನ್ನು ಕೊಟ್ಟು ನಿಂತು ನನ್ನ ಸನ್ನೆ ನೋಡಿದಳು. ಕೈ ಇಳಿಸಲಿಲ್ಲ. ಸೋತರೆ ಮುಂದಿನ ವರ್ಷ ಬರಲಾಗದವರಲ್ಲಿ ಅವಳ ತಂಗಿಯೂ ಒಬ್ಬಳು. ಅದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇಳಿಸಲಿಲ್ಲ.

ಅಂಪೈರಿನ ಹತ್ತಿರ ಮಾತಾಡಬೇಕಾದವಳು ನಾಯಕಿ. ಕಾವ್ಯಾ ಕುಣಿಯುವುದನ್ನು ನಿಲ್ಲಿಸಿ ಶಾಹೀನಾಳ ಕೈ ನೋಡಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಅಂಪೈರಿನ ಹತ್ತಿರ ಹೋಗಿ ತನಗೆ ಬರುವ ಇಂಗ್ಲಿಷಿನಲ್ಲಿ, "ಸರ್, ವಾಲ್ ಫಸ್ಟ್. ಕ್ಯಾಚ್ ನೆಕ್ಸ್ಟ್. ನಾಟ್ ಔಟ್," ಎಂದಳು.

ಅಂಪೈರಿಗೆ ಅರ್ಥವಾಗಲಿಲ್ಲ. ಯಾನಾಳನ್ನು ಕರೆದರು. ಯಾನಾ ಕೇಳಿ, ಮತ್ತೊಮ್ಮೆ ಕೇಳಿ, ಆಮೇಲೆ ಚೆಕ್ ಭಾಷೆಯಲ್ಲಿ ವಿವರಿಸಿದಳು. ಹಾಳೆ ತೆಗೆದು ನೋಡಿದರು. ಆಡುವವರು ತಮ್ಮ ವಿರುದ್ಧ ತಾವೇ ಹೇಳಿದರೆ ಏನು ಮಾಡಬೇಕು ಎಂಬುದು ಅವರ ಹಾಳೆಯಲ್ಲಿ ಇರಲಿಲ್ಲ. ಇಬ್ಬರು ಅಂಪೈರುಗಳು ಸ್ವಲ್ಪ ಹೊತ್ತು ತಲೆ ಸೇರಿಸಿ ಮಾತಾಡಿದರು. ಕೊನೆಗೆ ಕೈ ಅಗಲಿಸಿ ತೀರ್ಪು ಬದಲಿಸಿದರು. ಓಡಿ ಬಂದಿದ್ದ ಇಬ್ಬರ ರನ್ನೂ ಸೇರಿತು. ಒಂದು ರನ್ನಿನಿಂದ ಸೋತೆವು. ಎಂಟನೆಯವರಾದೆವು.

ತಮಟೆಗಳು ನಿಂತಿದ್ದವು. ಗೆದ್ದ ಹುಡುಗಿಯರಿಗೆ ಕುಣಿಯಬೇಕೋ ಬೇಡವೋ ತಿಳಿಯಲಿಲ್ಲ. ಬೀರುವಿನಂಥ ಆ ಕೋಚ್ ನಡೆದು ಬಂದು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಶಾಹೀನಾಳ ಕೈ ಕುಲುಕಿದ. ಆಮೇಲೆ ಕಾವ್ಯಾಳದು. ಆಗ ಮೇಲಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಹಾಲ್ ತುಂಬಿತು. ಅಷ್ಟು ಹೆಮ್ಮೆ, ಅಷ್ಟು ನಾಚಿಕೆ ಒಟ್ಟಿಗೆ ನನಗೆ ಹಿಂದೆಂದೂ ಆಗಿರಲಿಲ್ಲ. ಹೆಮ್ಮೆ ಅವರದು, ನಾಚಿಕೆ ನನ್ನದು.

ಮಲ್ಲೇಶಣ್ಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಂದರು. ಅವರು ನನ್ನ ಕೈ ನೋಡಿರಲಿಲ್ಲ.

"ಟೀಚರೇ, ನಲವತ್ತು ವರ್ಷದಲ್ಲಿ ನನ್ನ ಅಂಗಡಿಗೆ ಹಣ್ಣು ಬಿಡಿಸಿದ ಪಾರ್ಚ್‌ಮೆಂಟ್ ಕಾಫಿ ತಂದೋರಲ್ಲಿ ಒಬ್ರೂ, ಇದು ಇನ್ನೂ ಹಸಿ ಇದೆ, ಒಣಗಿಲ್ಲ, ತೂಕ ಸುಳ್ಳು ಅಂತ ತಾವಾಗೇ ಹೇಳಿದ್ದಿಲ್ಲ. ನಾನೂ ಹೇಳಿದ್ದಿಲ್ಲ ಬಿಡಿ. ಈ ಮಕ್ಳಿಗೆ ಯಾರು ಹೇಳ್ಕೊಟ್ರು ಇದನ್ನ?"

"ನಾನೇ," ಎಂದೆ. ಆ ಕ್ಷಣದಲ್ಲಿ ಅದು ನಿಜವೂ ಆಗಿತ್ತು, ಸುಳ್ಳೂ ಆಗಿತ್ತು.

ಹೊರಡುವಾಗ ಅವರು ಯಾನಾಳನ್ನು ಕೇಳಿಯೇಬಿಟ್ಟರು, ನನ್ನಿಂದ ಇಂಗ್ಲಿಷ್ ಮಾಡಿಸಿ: ಇಷ್ಟೆಲ್ಲ ಆದ ಮೇಲೆ ಮುಂದಿನ ವರ್ಷ ನಮ್ಮ ಮಕ್ಕಳನ್ನು ಬಿಟ್ಟುಬಿಡುತ್ತೀರಾ? ಆ ದೇಶದವರಿಗೆ ಮಾತಿಗೆ ಸಕ್ಕರೆ ಬೆರೆಸಲು ಬರುವುದಿಲ್ಲ. ನಿಯಮ ಇದೆ, ನೀವು ಎಂಟನೆಯವರು, ಮುಂದಿನ ವರ್ಷ ಬೇರೆ ತಂಡ ಎಂದಳು. ನಿಮ್ಮ ಏಳನೇ ನಿಯಮವನ್ನು ನಮ್ಮ ಹಾಳೆಗೆ ಸೇರಿಸಲೂ ಆಗುವುದಿಲ್ಲ, ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಬಿಡುವುದಿಲ್ಲ ಎಂದಳು. ಹೇಳುವಾಗ ಅವಳ ಕಣ್ಣು ಕೆಂಪಗಿತ್ತು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನಿಯಮವನ್ನು ನನಗಿಂತ ಗಟ್ಟಿಯಾಗಿ ಹಿಡಿದವಳು ಅವಳು.

ಮತ್ತೆ ಗೋಣಿಬೀಡು

ಬಂದ ಮರುದಿನ ಕಿರಿಯರ ತಂಡ ಮಲ್ಲೇಶಣ್ಣನವರ ಕಾಫಿ ಒಣಗಿಸುವ ಕಣದಲ್ಲಿ ಸೇರಿತು. ಗೋದಾಮು ಹೊಸ ಬೆಳೆಯಿಂದ ತುಂಬಿಹೋಗಿತ್ತು. ಸೋತ ಸುದ್ದಿ ಫೋನಿನಲ್ಲಿ ಮೊದಲೇ ತಲುಪಿತ್ತು, ಕಾರಣ ತಲುಪಿರಲಿಲ್ಲ. ಹನ್ನೆರಡು ಮಕ್ಕಳು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಶಾಹೀನಾ ಅವರ ಹಿಂದೆ ಕಾಫಿ ಹರಡುವ ಕುಂಟೆಯ ಹಿಡಿಗೆ ಒರಗಿ ನಿಂತಿದ್ದಳು. ವಾಪಸು ಬರುವ ದಾರಿಯುದ್ದಕ್ಕೂ ಅವಳು ಆ ವಿಷಯ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ, ಧೈರ್ಯ ಸಾಲದೆ.

ಎಲ್ಲವನ್ನೂ ಹೇಳಿದೆ. ಗೋಡೆ, ಚೆಂಡು, ಎತ್ತಿದ ಕೈ. ಮುಂದಿನ ವರ್ಷ ನಿಮಗೆ ಕರೆ ಇಲ್ಲ ಎಂದೂ ಹೇಳಿದೆ. ಒಂದಿಬ್ಬರು ಕಾಫಿ ಬೀಜ ಆರಿಸಿ ಸಾಲಾಗಿ ಜೋಡಿಸುತ್ತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ದೊಡ್ಡ ಗುರುವಾಗಿಯೇ ಮನೆಗೆ ಹೋಗಬಹುದಿತ್ತು. ಆದರೆ ಈ ಮಕ್ಕಳಿಗೆ ನಾಳೆಯಿಂದ ಅದೇ ನಿಯಮ ಹೇಳಿಕೊಡಬೇಕಾದವಳು ನಾನು.

"ಇನ್ನೊಂದು ವಿಷಯ ಇದೆ," ಎಂದೆ. "ಶಾಹೀನಾ ಕೈ ಎತ್ತಿದಾಗ ನಾನು, ಇಳಿಸು, ಬಿಟ್ಟುಬಿಡು ಅಂತ ಸನ್ನೆ ಮಾಡಿದೆ. ಅವಳು ನನ್ನ ಮಾತು ಕೇಳ್ಲಿಲ್ಲ. ಅವಳು ಮಾಡಿದ್ದು ಸರಿ. ನಾನು ಮಾಡಿದ್ದು ತಪ್ಪು."

ಹನ್ನೆರಡು ತಲೆಗಳೂ ಹಿಂದಕ್ಕೆ ತಿರುಗಿದವು. ಅಫ್ರೀನ್ ಎದ್ದು ನಿಂತಳು. ಹೋಗಲಾಗದ ದುಃಖ ಅವಳ ಮುಖದಲ್ಲಿ ಇನ್ನೂ ಹಸಿಯಾಗಿತ್ತು.

"ಹೌದನಾ ಅಕ್ಕಾ? ಮಿಸ್ ಹಂಗೆ ಮಾಡಿದ್ರಾ?"

ಶಾಹೀನಾ ತಂಗಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅರವತ್ತು ಅಡಿ ದೂರದಿಂದ ನನ್ನ ಕಿರುಬೆರಳು ಕಾಣುವ ಕಣ್ಣುಗಳು.

"ನಂಗೇನು ಕಾಣ್ಲಿಲ್ಲಪ್ಪ. ಆ ಹಾಲಲ್ಲಿ ಲೈಟು ಸೀದಾ ಕಣ್ಣಿಗೇ ಹೊಡೀತಿತ್ತು," ಎಂದಳು.

ಆ ಹಾಲ್‌ನಲ್ಲಿ ದೀಪಗಳು ಹಾಲುಗಾಜಿನ ಮರೆಯಲ್ಲಿದ್ದವು. ಯಾರ ಕಣ್ಣಿಗೂ ಹೊಡೆಯುತ್ತಿರಲಿಲ್ಲ. ಗೆಲ್ಲುವುದಕ್ಕಾಗಿ ಒಂದು ಸುಳ್ಳನ್ನು ಒಪ್ಪದ ಹುಡುಗಿ ನನ್ನ ಮಾನ ಉಳಿಸುವುದಕ್ಕಾಗಿ, ತನ್ನ ಸ್ವಂತ ತಂಗಿಯ ಮುಂದೆ, ಒಂದು ಸುಳ್ಳು ಹೇಳಿದಳು. ನಾನು ಅದನ್ನು ತಿದ್ದಲಿಲ್ಲ.